ಒಲೆಯ ಬೆಂಕಿ ಒಲೆಯಲ್ಲೇ ಇರಲಿ

(ಅಗ್ನಿಶಾಮಕ ಸಪ್ತಾಹದ ನಿಮಿತ್ತ ನಮ್ಮ ಉಚಿತ ವಾಚನಾಲಯದಲ್ಲಿ ರವಿವಾರ ಸಂಜೆ ಮಾಡಿದ ಭಾಷಣ)



ಈ ವಾಚನಾಲಯದ ರವಿವಾರದ ಕೂಟದಲ್ಲಿ ಸಾಹಿತ್ಯದ ಮಾತು ನಡೆಯುವುದು ವಾಡಿಕೆ. ಇಂದು ಒಲೆಯ ಮಾತು ಆಡುತ್ತೇವೆಂದು ಕಾರ್ಯದರ್ಶಿಗಳಿಗೆ ತಿಳಿಸಿದಾಗ ಅವರು ನಕ್ಕರು. ಆದರೆ ಈ ಸಭೆಯಲ್ಲಿ ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇನ್ನು ಎರಡು ತಾಸಿನಲ್ಲಿ ತಮ್ಮ ತಮ್ಮ ಖೋಲಿಗೆ ಹೋಗಿ ಒಲೆ ಹಚ್ಚುವವರೇ ಆಗಿದ್ದಾರೆ. ಪುಸ್ತಕವನ್ನು ಕೆಲವರು ಓದುತ್ತಾರೆ, ಕೆಲವರು ಓದುವುದಿಲ್ಲ. ಒಲೆಯನ್ನು ಎಲ್ಲರೂ ಹಚ್ಚುತ್ತಾರೆ. ಆದ್ದರಿಂದ ಈ ವಿಷಯ ಇಲ್ಲಿಗೆ ಪರಕೀಯವಲ್ಲವೆಂದು ನಮ್ಮ ಭಾವನೆ.

ಪ್ರತಿ ವರ್ಷ ಎಪ್ರಿಲ್ ೧೪ರಿಂದ ೨೦ರ ತನಕ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಆ ದಿನಾಂಕವನ್ನು ಕೊಟ್ಟದ್ದು ನಾವು ಅನ್ನ ತಿನ್ನುತ್ತಿರುವ ಈ ಮುಂಬಯಿಯೇ. ೧೯೪೪ರ ಎಪ್ರಿಲ್ ೧೪ರಂದು ಇಲ್ಲಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗಿಗೆ ಬೆಂಕಿ ತಗುಲಿತು. ಮಧ್ಯಾಹ್ನ ಹೊಗೆ ಕಂಡಿತು. ಅಗ್ನಿಶಾಮಕ ದಳದವರು ಬಂದು ನೀರು ಹಾಕತೊಡಗಿದರು. ನಾಲ್ಕು ಗಂಟೆ ದಾಟುತ್ತಲೆ ಹಡಗು ಸಿಡಿಯಿತು. ಸ್ವಲ್ಪ ಹೊತ್ತಿನಲ್ಲಿ ಇನ್ನೊಮ್ಮೆ ಸಿಡಿಯಿತು. ಬೆಂಕಿ ಆರಿಸಲು ಹೋದ ೬೬ ಮಂದಿ ಅಗ್ನಿಶಾಮಕರು ಅಂದು ಪ್ರಾಣ ಕೊಟ್ಟರು. ಡಾಕಿನಲ್ಲಿಯೂ ಸುತ್ತಲಿನ ಓಣಿಗಳಲ್ಲಿಯೂ ಸತ್ತವರು ನೂರಾರು ಮಂದಿ. ಆ ೬೬ ಮಂದಿಯ ನೆನಪಿಗಾಗಿಯೇ ಈ ಸಪ್ತಾಹ.

ಆ ಹಡಗಿನ ಒಡಲಲ್ಲಿ ಏನಿತ್ತು? ಒಂದು ಕಡೆ ಮದ್ದುಗುಂಡು, ಅದರ ಜತೆಯಲ್ಲಿಯೇ ಹತ್ತಿಯ ಬೇಲುಗಳು. ಬೇಗ ಹತ್ತಿಕೊಳ್ಳುವ ವಸ್ತು, ಸಿಡಿಯುವ ವಸ್ತು, ಎರಡನ್ನೂ ಒಂದೇ ಹಡಗಿನಲ್ಲಿ ತುಂಬಿದ್ದರು. ಕಿಡಿ ಎಲ್ಲಿಂದ ಬಂತೆಂಬುದು ಆಮೇಲಿನ ಮಾತು. ಅವೆರಡನ್ನೂ ಜತೆಗಿಟ್ಟದ್ದೇ ಮೊದಲನೆಯ ತಪ್ಪು.

ಈಗ ನಮ್ಮ ಖೋಲಿಯನ್ನು ನೆನೆಯಿರಿ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಒಂದು ಮೂಲೆಯಲ್ಲಿ ಕಟ್ಟೆ, ಕಟ್ಟೆಯ ಮೇಲೆ ಒಲೆ, ಕೆಳಗೆ ಸಿಲಿಂಡರು. ಸಿಲಿಂಡರಿನ ಪಕ್ಕದಲ್ಲಿ ಹಳೆಯ ಪತ್ರಿಕೆಗಳ ಗಂಟು. ಒಲೆಯ ಮೇಲೆ ಅಡ್ಡ ಹಗ್ಗ, ಹಗ್ಗದ ಮೇಲೆ ಒಣಗದ ಅಂಗಿ-ಪಂಚೆ. ಅದರ ಮೇಲೆ ಅಟ್ಟ, ಅಟ್ಟದ ಮೇಲೆ ಹಾಸಿಗೆ, ರಟ್ಟಿನ ಪೆಟ್ಟಿಗೆ. ಎದುರು ಗೋಡೆಗೆ ಮಲಗಿದ ಮಗು ಅಥವಾ ರಾತ್ರಿಪಾಳಿ ಮುಗಿಸಿ ಬಂದ ಜತೆಗಾರ. ಮದ್ದೂ ಹತ್ತಿಯೂ ಒಂದೇ ಒಡಲಲ್ಲಿ ಇರುವುದೆಂದರೆ ಇದೇ ಅಲ್ಲವೆ? ಊರಿನಲ್ಲಿ ಅಡಿಗೆಮನೆ ಬೇರೆ, ಪಡಸಾಲೆ ಬೇರೆ, ಹಿತ್ತಿಲ ಬಾಗಿಲು ಬೇರೆ. ಇಲ್ಲಿ ಅಡಿಗೆಮನೆಯೂ ಅದೇ, ಮಲಗುವ ಮನೆಯೂ ಅದೇ, ದೇವರ ಮನೆಯೂ ಅದೇ; ಬಾಗಿಲು ಒಂದೇ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟು ಉಳಿದ ಮಾತು ಕೇಳಬೇಕೆಂದು ಪ್ರಾರ್ಥನೆ.

ನಾವು ಈ ಮಾತು ಆಡಲು ಯೋಗ್ಯರೆಂದು ಇಲ್ಲಿ ನಿಂತಿಲ್ಲ. ಒಮ್ಮೆ ತಪ್ಪು ಮಾಡಿದವರೆಂದು ನಿಂತಿದ್ದೇವೆ. ಅದನ್ನು ಮೊದಲು ಹೇಳಿಬಿಡುತ್ತೇವೆ.

ನಾವು ಈ ಊರಿಗೆ ಬಂದ ಹೊಸತರಲ್ಲಿ ನಾಲ್ವರು ಕೂಡಿ ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿ ಖೋಲಿ ಹಿಡಿದಿದ್ದೆವು. ಅಡಿಗೆಗೆ ಪಾಳಿ ಇತ್ತು. ಅಂದು ರವಿವಾರ, ಹೊರಗೆ ಮಳೆ. ಪಾಳಿ ಇದ್ದ ಗೆಳೆಯರು ಗದಗಿನ ಕಡೆಯವರು. ಮೆಣಸಿನಕಾಯಿ ಭಜಿ ಮಾಡುತ್ತೇನೆಂದು ಕಡಾಯಿಯಲ್ಲಿ ಎಣ್ಣೆ ಇಟ್ಟರು. ಆಗ ಅವರ ಊರಿನಿಂದ ಫೋನು ಬಂತು. ಖೋಲಿಯೊಳಗೆ ಮಾತು ಸರಿಯಾಗಿ ಕೇಳಿಸದೆಂದು ಗ್ಯಾಲರಿಗೆ ಹೋದರು. ಒಲೆ ಉರಿಯುತ್ತಲೇ ಇತ್ತು. ನಾವು ಗೋಡೆಗೆ ಒರಗಿ ಪತ್ರಿಕೆ ಓದುತ್ತಿದ್ದೆವು. ಎಣ್ಣೆ ಹೊಗೆಯಾಡಿದ್ದನ್ನು ಕಂಡೆವು. ಅವರು ಈಗ ಬಂದಾರು ಎಂದು ಸುಮ್ಮನಿದ್ದೆವು. ಇನ್ನೊಂದು ಪುಟ ತಿರುವುವಷ್ಟರಲ್ಲಿ ಕಡಾಯಿಗೆ ಬೆಂಕಿ ಹತ್ತಿತು.

ಗೆಳೆಯರು ಕೂಗು ಕೇಳಿ ಒಳಗೆ ಓಡಿ ಬಂದರು. ಕಡಾಯಿಯನ್ನು ಮೋರಿಗೆ ಒಯ್ಯುವೆನೆಂದು ಅದರ ಹಿಡಿಗೆ ಕೈ ಹಾಕಿದರು. ಅದೇ ಗಳಿಗೆಯಲ್ಲಿ ಯಾರೋ ಒಬ್ಬರು ಒಂದು ತಂಬಿಗೆ ನೀರನ್ನು ಉರಿಯುವ ಎಣ್ಣೆಗೆ ಸುರಿದರು. ಆ ತಂಬಿಗೆ ಇದ್ದದ್ದು ನಮ್ಮ ಕೈಯಲ್ಲಿ.

ಮುಂದಿನದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಯಿತು. ಬೆಂಕಿ ಮಾಳಿಗೆಯ ತೊಲೆಯ ತನಕ ಎದ್ದಿತು. ಹಗ್ಗದ ಮೇಲಿನ ಬಟ್ಟೆ ಹತ್ತಿತು. ಗೆಳೆಯರ ಬಲಗೈ ಮೊಣಕೈಯ ತನಕ ಸುಟ್ಟಿತು, ಮುಖಕ್ಕೆ ಎಣ್ಣೆ ಸಿಡಿಯಿತು. ಪಕ್ಕದ ಖೋಲಿಯ ಮಾವಶಿ, ವಯಸ್ಸಾದ ಮರಾಠಿ ಹೆಂಗಸು, ಬಂದವರೇ ಮೊದಲು ಒಲೆಯ ಕಿವಿ ತಿರುಗಿಸಿದರು; ತಮ್ಮ ಮನೆಯ ದೊಡ್ಡ ಪರಾತವನ್ನು ತಂದು ಕಡಾಯಿಯ ಮೇಲೆ ಬೋರಲು ಮುಚ್ಚಿದರು; ಹಗ್ಗವನ್ನು ಕಿತ್ತು ಉರಿಯುವ ಬಟ್ಟೆಯನ್ನು ಮೋರಿಗೆ ಎಳೆದರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಓದುಬರಹ ಬಲ್ಲ ನಾಲ್ಕು ಮಂದಿ ತರುಣರಿಗೆ ತಿಳಿಯದ್ದು ಆ ಒಬ್ಬ ತಾಯಿಗೆ ತಿಳಿದಿತ್ತು.

ಅಷ್ಟರಲ್ಲಿ ನಮ್ಮಲ್ಲೊಬ್ಬರು ಸುಟ್ಟ ಕೈಗೆ ಹಲ್ಲಿನ ಪೇಸ್ಟು ಮೆತ್ತಿದ್ದರು. ಆಸ್ಪತ್ರೆಯಲ್ಲಿ ಅದನ್ನು ತೊಳೆದು ತೆಗೆಯುವಾಗ ಗೆಳೆಯರು ಪಟ್ಟ ಯಾತನೆಯನ್ನು ನಾವು ಮರೆತಿಲ್ಲ. ಎರಡು ತಿಂಗಳು ಕೆಲಸಕ್ಕೆ ಹೋಗಲಾಗಲಿಲ್ಲ, ಪಗಾರವಿಲ್ಲ, ಊರಿಗೆ ಹಣ ಹೋಗಲಿಲ್ಲ. ಅವರ ತಾಯಿ ಫೋನಿನಲ್ಲಿ “ಆರಾಮ ಅದೀಯೇನಪಾ?” ಎಂದು ಕೇಳಿದರೆ “ಅದೀನವ್ವಾ, ಒಂದೀಟು ಜ್ವರ ಅಷ್ಟ” ಎನ್ನುತ್ತಿದ್ದರು. ಇಂದಿಗೂ ಅವರ ಎರಡು ಬೆರಳು ಪೂರ್ತಿ ಮಡಿಯುವುದಿಲ್ಲ. ಅವರು ಈ ಸಭೆಯಲ್ಲಿಯೇ ಇದ್ದಾರೆ. ಹೆಸರು ಬೇಡ, ಸಂಗತಿ ಹೇಳಿ ಎಂದು ಅಪ್ಪಣೆ ಕೊಟ್ಟಿದ್ದಾರೆ. ಅವರು ಒಂದು ದಿನವೂ ನಮ್ಮನ್ನು ದೂರಲಿಲ್ಲ. ಅದರಿಂದಲೇ ನಾವು ಈ ವಿಷಯವನ್ನು ಕಲಿಯದೆ ಇರುವಂತಿರಲಿಲ್ಲ.

ನೀರು ಬೆಂಕಿಯನ್ನು ಆರಿಸಬೇಕಲ್ಲವೆ, ಏಕೆ ಹೆಚ್ಚಿಸಿತು? ನೀರು ಕುದಿಯುವುದು ೧೦೦ ಡಿಗ್ರಿಗೆ. ಭಜಿ ಕರಿಯುವ ಎಣ್ಣೆ ೧೮೦ ಡಿಗ್ರಿಯ ಸುಮಾರಿಗೆ ಇರುತ್ತದೆ. ತಾನಾಗಿ ಹತ್ತಿ ಉರಿಯುವ ಎಣ್ಣೆ ೩೦೦ ಡಿಗ್ರಿಯನ್ನೂ ದಾಟಿರುತ್ತದೆ. ನೀರು ಎಣ್ಣೆಗಿಂತ ಭಾರ. ಸುರಿದ ನೀರು ಎಣ್ಣೆಯ ಅಡಿಗೆ ಇಳಿದು, ಇಳಿಯುತ್ತಲೆ ಉಗಿಯಾಗುತ್ತದೆ. ಒಂದು ಪಾಲು ನೀರು ಸುಮಾರು ೧,೭೦೦ ಪಾಲು ಉಗಿಯಾಗಿ ಹಿಗ್ಗುತ್ತದೆ. ಆ ಉಗಿಯು ಮೇಲಿನ ಉರಿಯುವ ಎಣ್ಣೆಯನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು ಮೇಲಕ್ಕೆ ಎಸೆಯುತ್ತದೆ. ಪ್ರತಿ ಹನಿಗೂ ಗಾಳಿ ಸಿಗುತ್ತದೆ, ಪ್ರತಿ ಹನಿಯೂ ಉರಿಯುತ್ತದೆ. ನಾವು ಸುರಿದದ್ದು ಒಂದು ತಂಬಿಗೆ ನೀರು. ಎದ್ದದ್ದು ಖೋಲಿಯ ತುಂಬ ಬೆಂಕಿ.

ಎಣ್ಣೆಗೆ ಬೆಂಕಿ ಹತ್ತಿದರೆ ಮಾಡುವ ಕೆಲಸ ಮೂರೇ. ಒಂದು, ಕೈ ತಲುಪುವಂತಿದ್ದರೆ ಒಲೆಯ ಕಿವಿ ತಿರುಗಿಸಿ ಆರಿಸುವುದು. ಎರಡು, ಕಡಾಯಿಯ ಬಾಯಿಗಿಂತ ದೊಡ್ಡದಾದ ಮುಚ್ಚಳವನ್ನೋ ಪರಾತವನ್ನೋ ಬದಿಯಿಂದ ಸರಿಸಿ ಮುಚ್ಚುವುದು. ಮೂರು, ಪೂರ್ತಿ ತಣ್ಣಗಾಗುವ ತನಕ ಅದನ್ನು ತೆರೆಯದಿರುವುದು. ಆರಿತೆ ಎಂದು ನೋಡುವ ಆತುರದಿಂದ ಮುಚ್ಚಳ ಎತ್ತಿದರೆ ಗಾಳಿ ಹೊಕ್ಕು ಮತ್ತೆ ಹತ್ತುತ್ತದೆ. ಮುಚ್ಚಳವಿಲ್ಲದಿದ್ದರೆ ದಪ್ಪನೆಯ ಹತ್ತಿಯ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹನಿ ಬೀಳದಂತೆ ಹಿಂಡಿ, ಮೇಲೆ ಹೊದಿಸಬಹುದು. ಕಡಾಯಿಯನ್ನು ಎತ್ತಬಾರದು. ಮೈದಾ, ಕಡಲೆಹಿಟ್ಟು ಎರಚಬಾರದು. ಹಿಟ್ಟಿನ ಧೂಳೂ ಉರಿಯುತ್ತದೆ.

ಇದಕ್ಕಿಂತ ಸುಲಭವಾದದ್ದು ಬೆಂಕಿ ಹತ್ತದಂತೆ ನೋಡಿಕೊಳ್ಳುವುದು. ಎಣ್ಣೆ ಹೇಳದೆ ಹತ್ತುವುದಿಲ್ಲ. ಮೊದಲು ಹೊಗೆಯಾಡಿ ತಿಳಿಸುತ್ತದೆ. ಹೊಗೆ ಕಂಡೊಡನೆ ಒಲೆ ಆರಿಸಿದರೆ ಕತೆ ಅಲ್ಲಿಗೆ ಮುಗಿಯಿತು. ಎಣ್ಣೆ ಇಟ್ಟವರು ಒಲೆ ಬಿಟ್ಟು ಹೋಗಬಾರದು. ಫೋನು ಬಂದರೆ ಮೊದಲು ಒಲೆ ಆರಲಿ, ಆಮೇಲೆ ಮಾತು ಆಗಲಿ. ಊರಿನವರು ಎರಡು ನಿಮಿಷ ಕಾದಾರು. ಎಣ್ಣೆ ಕಾಯುವಾಗ ದೊಡ್ಡ ಮುಚ್ಚಳ ಒಲೆಯ ಪಕ್ಕದಲ್ಲಿಯೇ, ಬೆಂಕಿಯ ಮೇಲಿಂದ ಕೈ ಚಾಚದೆ ಸಿಗುವ ಜಾಗದಲ್ಲಿ ಇರಲಿ.

ಇನ್ನು ಗ್ಯಾಸಿನ ಮಾತು. ನಮ್ಮ ಹಿರಿಯರಿಗೆ ಸೀಮೆಎಣ್ಣೆಯ ಪಂಪು ಸ್ಟೋವಿನ ಭಯ ತಿಳಿದಿತ್ತು. ಅದು ಭರ್‍ರೆಂದು ಸದ್ದು ಮಾಡಿ ತನ್ನ ಇರವನ್ನು ಸಾರುತ್ತಿತ್ತು. ಗ್ಯಾಸು ಸದ್ದಿಲ್ಲದ ಸೇವಕ. ಆದ್ದರಿಂದಲೇ ಅದರ ಗುಣವನ್ನು ಅರಿತಿರಬೇಕು. ಕೆಂಪು ಸಿಲಿಂಡರಿನಲ್ಲಿ ೧೪.೨ ಕಿಲೋ ಗ್ಯಾಸು ಒತ್ತಡದಿಂದ ದ್ರವವಾಗಿ ಕುಳಿತಿರುತ್ತದೆ. ಹೊರಗೆ ಬಂದರೆ ಸುಮಾರು ೨೫೦ ಪಾಲು ಹಿಗ್ಗುತ್ತದೆ. ಅದಕ್ಕೆ ತನ್ನದೆಂಬ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ಮರ್‌ಕ್ಯಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಬೆರೆಸಿರುತ್ತಾರೆ. ಆ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಸುಮ್ಮನಾಗಬಾರದು. ಅದು ನಮ್ಮನ್ನು ಎಬ್ಬಿಸಲೆಂದು ಇಟ್ಟ ಗಂಟೆ.

ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೀರಿನಂತೆ ನೆಲದ ಮೇಲೆ ಹರಡುತ್ತದೆ, ಮೋರಿಯಲ್ಲಿ, ಮಂಚದ ಕೆಳಗೆ, ತಗ್ಗಿನಲ್ಲಿ ನಿಲ್ಲುತ್ತದೆ. ನೆಲದ ಮೇಲೆ ಮಲಗಿದವರ ತಲೆಯ ಹತ್ತಿರವೇ ಅದು ಕೂಡುತ್ತದೆ. ಈಗ ಮುಂಬಯಿಯ ಅನೇಕ ಮನೆಗಳಿಗೆ ಕೊಳವೆಯ ಗ್ಯಾಸು ಬಂದಿದೆ. ಅದು ಬೇರೆ ಜಾತಿಯದು, ಗಾಳಿಗಿಂತ ಹಗುರ. ಸೋರಿದರೆ ಮೇಲಕ್ಕೆ ಏರಿ ಅಟ್ಟದಲ್ಲಿ ಕೂಡುತ್ತದೆ. ಸಿಲಿಂಡರು ಇದ್ದವರು ಬಾಗಿಲನ್ನು, ಕೊಳವೆ ಇದ್ದವರು ಬಾಗಿಲಿನ ಜತೆಗೆ ಮೇಲಿನ ಗವಾಕ್ಷಿಯನ್ನೂ ತೆರೆಯಬೇಕು. ಗವಾಕ್ಷಿಗೆ ರಟ್ಟು ಬಡಿದು ಮುಚ್ಚಿದವರು ಅದನ್ನು ಇಂದೇ ತೆಗೆಯಲಿ.

ವಾಸನೆ ಬಂದಾಗ ಮಾಡಬೇಕಾದದ್ದು: ಉರಿಯುವ ಒಲೆ, ದೇವರ ದೀಪ, ಊದಿನಕಡ್ಡಿ ಎಲ್ಲ ಆರಿಸಿ. ರೆಗ್ಯುಲೇಟರನ್ನು ಮುಚ್ಚಿ. ಬಾಗಿಲು ಕಿಟಕಿ ತೆರೆದು ಎಲ್ಲರನ್ನೂ ಹೊರಗೆ ಕಳಿಸಿ. ವಿದ್ಯುತ್ತಿನ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕಲೂ ಬೇಡಿ, ತೆಗೆಯಲೂ ಬೇಡಿ. ಗ್ಯಾಸು ಹೋಗಲೆಂದು ಫ್ಯಾನು ಹಾಕುವುದು ಅನೇಕರು ಮಾಡುವ ತಪ್ಪು. ಸ್ವಿಚ್ಚಿನೊಳಗಿನ ಕಣ್ಣಿಗೆ ಕಾಣದ ಕಿಡಿಯೇ ಸಾಕು. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಗ್ಯಾಸು ಸೇರಿದರೂ ಹತ್ತಿಕೊಳ್ಳಬಲ್ಲದು. ಹೊರಗೆ ಬಂದ ಮೇಲೆ, ದೂರದಿಂದ ೧೯೦೬ಕ್ಕೆ ಫೋನು ಮಾಡಿ. ಸಿಲಿಂಡರು ಗ್ಯಾಸು ಸೋರಿದರೆ ಹಗಲಿರುಳೂ ಸಿಗುವ ನಂಬರು ಅದು. ಕೊಳವೆಯ ಗ್ಯಾಸಿನವರು ಬಿಲ್ಲಿನ ಮೇಲೆ ಅಚ್ಚಾದ ತುರ್ತು ನಂಬರನ್ನು ಗೋಡೆಯ ಮೇಲೆ ಬರೆದಿಡಿ. ಮೀಟರಿನ ಹತ್ತಿರದ ಕವಾಟವನ್ನು ಯಾವ ಕಡೆ ತಿರುಗಿಸಿದರೆ ಮುಚ್ಚುವುದೆಂದು ಮನೆಯವರಿಗೆಲ್ಲ ತೋರಿಸಿಡಿ.

ಎಲ್ಲಿ ಸೋರುತ್ತಿದೆಯೆಂದು ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಸಾಬೂನಿನ ನೀರು ಹಚ್ಚಿ. ಸೋರುವಲ್ಲಿ ಗುಳ್ಳೆ ಏಳುತ್ತದೆ. ಸಿಲಿಂಡರು ತಂದವರು ಹೋಗುವ ಮೊದಲೇ ಅದರ ಬಾಯಿಯೊಳಗೆ ರಬ್ಬರಿನ ಬಳೆ ಇದೆಯೆ ಎಂದು ನೋಡಿ, ಸೋರಿಕೆ ಪರೀಕ್ಷೆ ಮಾಡಿಸಿ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಒಂದು ಅಕ್ಷರ, ಎರಡು ಅಂಕೆ ಬರೆದಿರುತ್ತದೆ. ಎ ಎಂದರೆ ಮಾರ್ಚ್, ಬಿ ಎಂದರೆ ಜೂನ್, ಸಿ ಎಂದರೆ ಸಪ್ಟಂಬರ್, ಡಿ ಎಂದರೆ ಡಿಸೆಂಬರ್. ಅಂಕೆ ಇಸವಿಯದು. ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕಾದ ಅವಧಿ ಅದು. ದಾಟಿದ್ದರೆ ತೆಗೆದುಕೊಳ್ಳದೆ ಬದಲು ಕೇಳಿ. ಅದು ನಿಮ್ಮ ಹಕ್ಕು, ಜಗಳವಲ್ಲ.

ಗ್ಯಾಸಿನ ರಬ್ಬರು ನಳಿಕೆಯ ಮೇಲೂ ಅವಧಿ ಅಚ್ಚಾಗಿರುತ್ತದೆ. ಒಳಗೆ ತಂತಿಯ ಬಲೆ ಇರುವ, ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ನಳಿಕೆಯನ್ನೇ ಹಾಕಿಸಿ. ಐದು ವರ್ಷಕ್ಕೆ ಬದಲಾಯಿಸಿ. ನಳಿಕೆ ಒಲೆಯ ಕೆಳಗೆ ಬಿಸಿಗೆ ತಾಕದಿರಲಿ. ಅದಕ್ಕೆ ಬಟ್ಟೆ ಸುತ್ತಿ ಮುಚ್ಚಬೇಡಿ, ಬಿರುಕು ಕಾಣುವುದಿಲ್ಲ. ಇಲಿ ಕಡಿದಿದೆಯೆ ಎಂದು ವಾರಕ್ಕೊಮ್ಮೆ ನೋಡಿ. ಸಿಲಿಂಡರು ಯಾವಾಗಲೂ ನೆಟ್ಟಗೆ ನಿಂತಿರಲಿ, ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲಿರಲಿ. ಗ್ಯಾಸು ಮುಗಿಯುತ್ತ ಬಂತೆಂದು ಸಿಲಿಂಡರನ್ನು ಅಡ್ಡ ಮಲಗಿಸುವುದು, ಬಿಸಿನೀರಿನಲ್ಲಿಡುವುದು ಅಪಾಯದ ಉಳಿತಾಯ. ರಾತ್ರಿ ಮಲಗುವ ಮೊದಲು, ಊರಿಗೆ ಹೋಗುವ ಮೊದಲು ರೆಗ್ಯುಲೇಟರನ್ನು ಮುಚ್ಚುವುದು ಬಾಗಿಲಿಗೆ ಕೀಲಿ ಹಾಕಿದಷ್ಟೇ ಸಹಜವಾಗಬೇಕು.

ಈಗ ಒಂದು ಕಹಿ ಮಾತು. ಒಂಟಿಯಾಗಿ ಬಂದ ನಮ್ಮ ಹುಡುಗರಿಗೆ ಬಾಡಿಗೆಯ ಕರಾರು ಪತ್ರವಿಲ್ಲ, ಇಲ್ಲಿಯ ವಿಳಾಸದ ದಾಖಲೆಯಿಲ್ಲ. ಗ್ಯಾಸಿನ ಜೋಡಣೆ ಸಿಗದೆಂದು ಬಜಾರಿನಲ್ಲಿ ಐಎಸ್‌ಐ ಗುರುತಿಲ್ಲದ ಸಣ್ಣ ಸಿಲಿಂಡರು ಕೊಂಡು, ಯಾವುದೋ ಸಂದಿಯಲ್ಲಿ ದೊಡ್ಡ ಸಿಲಿಂಡರಿನಿಂದ ಅದಕ್ಕೆ ಗ್ಯಾಸು ತುಂಬಿಸಿಕೊಂಡು ಬರುತ್ತಾರೆ. ತುಂಬುವಾಗಲೂ ಸೋರುತ್ತದೆ, ತುಂಬಿದ ಮೇಲೂ ಎಷ್ಟು ತುಂಬಿದೆಯೆಂದು ಯಾರಿಗೂ ತಿಳಿಯದು. ಅಂಥ ಸಿಲಿಂಡರಿನ ಪಕ್ಕದಲ್ಲಿ ತಲೆಯಿಟ್ಟು ಮಲಗುವುದು ಬೇಡ. ತೈಲ ಕಂಪನಿಗಳವರೇ ೫ ಕಿಲೋದ ಸಿಲಿಂಡರನ್ನು ಮಾರುತ್ತಾರೆ. ಇಂಡೇನಿನವರು ಅದನ್ನು ‘ಛೋಟೂ’ ಎನ್ನುತ್ತಾರೆ. ಅದಕ್ಕೆ ವಿಳಾಸದ ದಾಖಲೆ ಬೇಕಿಲ್ಲ, ಗುರುತಿನ ಒಂದು ಪತ್ರ ಸಾಕು. ಈ ಸುದ್ದಿ ತಿಳಿಯದೆ ಎಷ್ಟೋ ಮಂದಿ ಸಂದಿಯ ಅಂಗಡಿಗೆ ಹೋಗುತ್ತಿದ್ದಾರೆ. ಹೊಸದಾಗಿ ಬಂದವರಿಗೆ ದಯವಿಟ್ಟು ಹೇಳಿ.

ಗ್ಯಾಸೇ ಬೇಡ, ವಿದ್ಯುತ್ತಿನ ಒಲೆ ಸಾಕು ಎನ್ನುವವರೂ ಇದ್ದಾರೆ. ಸರಿ, ಆದರೆ ಒಂದೇ ಬೋರ್ಡಿಗೆ ವಿದ್ಯುತ್ ಒಲೆ, ನೀರು ಕಾಯಿಸುವ ಕಾಯಿಲು, ಇಸ್ತ್ರಿಪೆಟ್ಟಿಗೆ, ಫೋನಿನ ಚಾರ್ಜರು ಎಲ್ಲ ಸಿಕ್ಕಿಸಿದರೆ ತಂತಿ ಒಳಗೊಳಗೇ ಕಾಯುತ್ತದೆ. ಒಲೆಗೆ ಗೋಡೆಯ ದೊಡ್ಡ ಪ್ಲಗ್ಗೇ ಬೇಕು, ಅದಕ್ಕೆ ಅದೊಂದೇ ಇರಲಿ. ಪ್ಲಗ್ಗು ಕೈಗೆ ಬಿಸಿ ತಾಕಿದರೆ, ಕಪ್ಪಾಗಿದ್ದರೆ ಅಂದೇ ರಿಪೇರಿ ಮಾಡಿಸಿ. ವಿದ್ಯುತ್ತಿನಿಂದ ಹತ್ತಿದ ಬೆಂಕಿಗೆ ಮೇನ್ ಸ್ವಿಚ್ಚು ತೆಗೆಯುವ ತನಕ ನೀರು ಮುಟ್ಟಿಸಬಾರದು.

ಬಟ್ಟೆಯ ಮಾತು ಹೆಣ್ಣುಮಕ್ಕಳಿಗೆ ಮಾತ್ರವಲ್ಲ. ನೈಲಾನು, ಪಾಲಿಯೆಸ್ಟರು ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ. ಒಲೆಯ ಮುಂದೆ ಹತ್ತಿಯ ಬಟ್ಟೆಯೇ ಲೇಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಓಢಣಿಯನ್ನು ತೆಗೆದಿಡಿ, ಉದ್ದ ತೋಳನ್ನು ಮಡಿಸಿ. ಹಿಂದಿನ ಒಲೆಯ ಪಾತ್ರೆಯನ್ನು ಮುಂದಿನ ಉರಿಯ ಮೇಲಿಂದ ತೆಗೆಯುವಾಗಲೇ ಬಟ್ಟೆ ಹತ್ತುವುದು. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ಓಡಿದರೆ ಗಾಳಿಗೆ ಉರಿ ಹೆಚ್ಚುತ್ತದೆ. ನಿಂತಲ್ಲೇ ನೆಲಕ್ಕೆ ಮಲಗಿ, ಮುಖ ಮುಚ್ಚಿಕೊಂಡು ಉರುಳಬೇಕು. ನೋಡುವವರು ದಪ್ಪನೆಯ ಹತ್ತಿಯ ಅಥವಾ ಉಣ್ಣೆಯ ಕಂಬಳಿಯನ್ನು ಸುತ್ತಬೇಕು.

ಸುಟ್ಟ ಗಾಯಕ್ಕೆ ಮೊದಲ ಮದ್ದು ನೀರು. ಎಣ್ಣೆಗೆ ಶತ್ರುವಾದ ನೀರೇ ಇಲ್ಲಿ ಮಿತ್ರ. ನಲ್ಲಿಯ ತಣ್ಣೀರಿನ ಧಾರೆಯನ್ನು ಇಪ್ಪತ್ತು ನಿಮಿಷ ಬಿಡಬೇಕು. ನಮ್ಮ ಚಾಳುಗಳಲ್ಲಿ ನಲ್ಲಿಗೆ ನೀರು ಬರುವುದು ಗಂಟೆ ನೋಡಿ. ಆದ್ದರಿಂದ ಒಂದು ಪೀಪಾಯಿ ನೀರು ಸದಾ ತುಂಬಿರಲಿ, ತಂಬಿಗೆಯಿಂದ ಸುರಿಯಬಹುದು. ಉಂಗುರ, ಬಳೆ, ಕೈಗಡಿಯಾರ ಕೂಡಲೇ ತೆಗೆಯಿರಿ. ಬಾವು ಬಂದ ಮೇಲೆ ತೆಗೆಯಲಾಗದು. ಅಂಟಿಕೊಂಡ ಬಟ್ಟೆಯನ್ನು ಕೀಳಬೇಡಿ. ಮಂಜುಗಡ್ಡೆ, ಪೇಸ್ಟು, ಅರಿಸಿನ, ತುಪ್ಪ, ಶಾಯಿ ಏನನ್ನೂ ಹಚ್ಚಬೇಡಿ. ಗುಳ್ಳೆ ಒಡೆಯಬೇಡಿ. ತೊಳೆದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಹೊರಡಿ. ಮುಖ, ಕೈ, ಕೀಲುಗಳು ಸುಟ್ಟಿದ್ದರೆ, ಅಂಗೈಗಿಂತ ದೊಡ್ಡದಾಗಿ ಸುಟ್ಟಿದ್ದರೆ, ಮಕ್ಕಳಿಗೆ ಸುಟ್ಟಿದ್ದರೆ ಮನೆಮದ್ದಿನ ಮಾತೇ ಬೇಡ. ಮುಂಬಯಿಯ ಕಸ್ತೂರಬಾ ಆಸ್ಪತ್ರೆಯಲ್ಲಿ ಸುಟ್ಟ ಗಾಯದ ವಾರ್ಡು ಇದೆ. ಐರೋಳಿಯಲ್ಲಿ ರಾಷ್ಟ್ರೀಯ ಸುಟ್ಟಗಾಯ ಕೇಂದ್ರವಿದೆ. ಮೊದಲು ಹತ್ತಿರದ ಆಸ್ಪತ್ರೆ, ಆಮೇಲೆ ಅಲ್ಲಿಯವರು ಹೇಳಿದಲ್ಲಿಗೆ.

ಇನ್ನು ಕೊನೆಯದು, ಹೊರಗೆ ಹೋಗುವ ದಾರಿ. ೨೦೦೪ರ ಜುಲೈ ೧೬ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವ ಅಡಿಗೆಮನೆಯಿಂದ ಬೆಂಕಿ ಎದ್ದು ಹುಲ್ಲಿನ ಮಾಡಿಗೆ ಹಬ್ಬಿತು. ೯೪ ಮಂದಿ ಮಕ್ಕಳು ಸತ್ತರು. ಅಲ್ಲಿಯೂ ಒಲೆಯ ಪಕ್ಕದಲ್ಲಿ ಬೇಗ ಹತ್ತುವ ಹುಲ್ಲು. ಅಲ್ಲಿಯೂ ಇಕ್ಕಟ್ಟಾದ ದಾರಿ. ಆ ಮಕ್ಕಳ ನೆನಪಿಗಾದರೂ ನಮ್ಮ ಚಾಳಿನ ಗ್ಯಾಲರಿಯನ್ನು ಒಮ್ಮೆ ನೋಡೋಣ. ಕಪಾಟು, ಸೈಕಲ್ಲು, ಮುರಿದ ಕುರ್ಚಿ, ಚಪ್ಪಲಿಯ ಗೂಡು, ಎಲ್ಲವೂ ದಾರಿಯಲ್ಲಿಯೇ. ಕಿಟಕಿಗೆ ಕಳ್ಳರ ಭಯದಿಂದ ಸರಳು, ಸರಳಿಗೆ ಬೀಗ, ಬೀಗದ ಕೈ ಎಲ್ಲಿದೆಯೆಂದು ಮನೆಯ ಯಜಮಾನರೊಬ್ಬರಿಗೇ ಗೊತ್ತು.

ಒಂದೇ ಬಾಗಿಲಿನ ಖೋಲಿಯಲ್ಲಿ ಒಲೆ ಬಾಗಿಲಿನ ಪಕ್ಕದಲ್ಲಿದ್ದರೆ ಬೆಂಕಿ ನಮ್ಮ ಮತ್ತು ಬಾಗಿಲಿನ ನಡುವೆ ನಿಲ್ಲುತ್ತದೆ. ಸಾಧ್ಯವಿದ್ದವರು ಒಲೆಯನ್ನು ಒಳಗಿನ ಮೂಲೆಗೆ ಸರಿಸಲಿ. ಸಾಧ್ಯವಿಲ್ಲದವರು ಮಕ್ಕಳನ್ನು, ಮುದುಕರನ್ನು ಬಾಗಿಲಿನ ಕಡೆ ಮಲಗಿಸಲಿ. ಬೆಂಕಿ ಕಡಾಯಿಯೊಳಗೆ ಇರುವ ತನಕ ಅದು ನಮ್ಮ ಕೈಯ ಕೆಲಸ. ಅಟ್ಟಕ್ಕೋ ಹಾಸಿಗೆಗೋ ಹಬ್ಬಿತೆಂದರೆ, ಸಿಲಿಂಡರಿಗೆ ಉರಿ ತಾಕಿತೆಂದರೆ ಅದು ದಳದವರ ಕೆಲಸ. ಆಗ ಪೆಟ್ಟಿಗೆ, ಪಾಸುಬುಕ್ಕು, ಸರ್ಟಿಫಿಕೇಟು ಎಂದು ತಿರುಗಿ ನೋಡದೆ, ಹೊಗೆಯಿದ್ದರೆ ಬಗ್ಗಿ, ಹೊರಗೆ ಬರಬೇಕು. ಬರುವಾಗ ಬಾಗಿಲು ಎಳೆದುಕೊಳ್ಳಿ, ಕೀಲಿ ಹಾಕಬೇಡಿ. ಪಕ್ಕದವರ ಬಾಗಿಲು ಬಡಿಯಿರಿ. ೧೦೧ ಅಗ್ನಿಶಾಮಕ ದಳದ ನಂಬರು. ೧೧೨ ಎಲ್ಲ ತುರ್ತಿಗೂ ಒಂದೇ. ಊರು, ಓಣಿ, ಚಾಳು, ಮಾಳಿಗೆ, ಏನು ಉರಿಯುತ್ತಿದೆ, ಒಳಗೆ ಯಾರಿದ್ದಾರೆ, ಇಷ್ಟನ್ನು ಹಿಂದಿಯಲ್ಲಿಯೋ ಮರಾಠಿಯಲ್ಲಿಯೋ ಹೇಳಲು ಮನೆಯವರಿಗೆ ಕಲಿಸಿಡಿ. ಕನ್ನಡವೊಂದೇ ಬಲ್ಲ ತಾಯಂದಿರು ಮನೆಯಲ್ಲಿದ್ದರೆ ವಿಳಾಸವನ್ನು ಬರೆದು ಬಾಗಿಲ ಹಿಂದೆ ಅಂಟಿಸಿ. ಪಕ್ಕದವರಾದರೂ ಓದಿ ಹೇಳಿಯಾರು.

ಒಬ್ಬೊಬ್ಬರ ಮನೆಗೆ ಬೆಂಕಿ ಆರಿಸುವ ಸಾಧನ ಕೊಳ್ಳುವುದು ಕಷ್ಟವಾದರೆ ಒಂದು ಮಾಳಿಗೆಯವರೆಲ್ಲ ವಂತಿಗೆ ಹಾಕಿ ಒಣಪುಡಿಯ ಒಂದು ಸಾಧನವನ್ನು, ಐಎಸ್‌ಐ ಗುರುತು ನೋಡಿ, ಗ್ಯಾಲರಿಯಲ್ಲಿ ತೂಗುಹಾಕಬಹುದು. ಪಿನ್ನು ಎಳೆಯುವುದು, ಬೆಂಕಿಯ ಬುಡಕ್ಕೆ ಗುರಿಯಿಡುವುದು, ಹಿಡಿ ಒತ್ತುವುದು, ಅತ್ತಿತ್ತ ಬೀಸುವುದು, ಇಷ್ಟೇ ಅದರ ವಿದ್ಯೆ. ಗಣಪತಿ ಹಬ್ಬಕ್ಕೆ ವಂತಿಗೆ ಕೂಡಿಸುವ ನಮಗೆ ಇದು ದೊಡ್ಡದಲ್ಲ.

‘ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ’ ಎಂದು ನಮ್ಮ ಹಿರಿಯರು ನಕ್ಕದ್ದು ಸುಮ್ಮನಲ್ಲ. ಬೆಂಕಿ ಹತ್ತಿದ ಗಳಿಗೆಯಲ್ಲಿ ಬುದ್ಧಿ ಓಡುವುದಿಲ್ಲ. ಕೈ ಮೊದಲೇ ಕಲಿತದ್ದನ್ನು ಮಾಡುತ್ತದೆ. ನಮ್ಮ ಕೈ ತಂಬಿಗೆಯನ್ನು ಹಿಡಿಯಿತು, ಮಾವಶಿಯ ಕೈ ಪರಾತವನ್ನು ಹಿಡಿಯಿತು. ವ್ಯತ್ಯಾಸ ಇಷ್ಟೇ, ಅವರು ಮೊದಲೇ ಕಲಿತಿದ್ದರು.

ಆದ್ದರಿಂದ ಇಂದು ರಾತ್ರಿ ಐದು ನಿಮಿಷದ ಕೆಲಸವೊಂದನ್ನು ಬೇಡುತ್ತೇವೆ. ಒಲೆಯ ಮೇಲಿನ ಹಗ್ಗ ತೆಗೆಯಿರಿ. ಸಿಲಿಂಡರಿನ ಪಕ್ಕದ ಪತ್ರಿಕೆಯ ಗಂಟನ್ನು ಸರಿಸಿ. ಬೇಕಾದರೆ ಈ ವಾಚನಾಲಯಕ್ಕೆ ಕೊಡಿ. ನಳಿಕೆಯ ಮೇಲಿನ ಇಸವಿ ಓದಿ. ದೊಡ್ಡ ಮುಚ್ಚಳವನ್ನು ಒಲೆಯ ಪಕ್ಕಕ್ಕೆ ತನ್ನಿ. ಮಲಗುವ ಮೊದಲು ರೆಗ್ಯುಲೇಟರು ಮುಚ್ಚಿ.

ಇನ್ನೂ ಒಂದು ಮಾತು. ೨೦೧೬ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಊರಿನ ಎಷ್ಟೋ ಮನೆಗಳಿಗೆ ಮೊದಲ ಸಲ ಗ್ಯಾಸು ಬಂದಿದೆ. ಹುಟ್ಟಿದಾರಭ್ಯ ಸೌದೆಯ ಒಲೆ ಊದಿದ ನಮ್ಮ ತಾಯಂದಿರಿಗೆ, ಅತ್ತಿಗೆಯರಿಗೆ ಅದರ ವಾಸನೆಯ ಅರ್ಥವನ್ನು ಯಾರು ಹೇಳಿಕೊಟ್ಟಿದ್ದಾರೆ? ಮುಂದಿನ ಸಲ ಫೋನು ಮಾಡಿದಾಗ “ಊಟ ಆಯಿತೇನವ್ವಾ” ಎಂದು ಕೇಳಿದ ಮೇಲೆ “ಗ್ಯಾಸಿನ ಕಿವಿ ಮುಚ್ಚಿದೆಯೇನವ್ವಾ” ಎಂದೂ ಕೇಳಿ. ದೂರದಲ್ಲಿದ್ದು ಮಾಡಬಹುದಾದ ಸೇವೆ ಅದು.